ಮಗುವಿನ ಹಿಂದೆ ಹಣವೂ ಬರಲಿ



2024ರ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸರಿ’ ಎಂಬ ಹೆಸರು ಬಂದ ಮೇಲೆ ಎಲ್ಲೆಡೆ ಎಲ್‌ಕೆಜಿ, ಯುಕೆಜಿಯದೇ ಮಾತು. ಕಾನ್ವೆಂಟ್ ವ್ಯಾನ್ ಹತ್ತಿಹೋಗುವ ಮಕ್ಕಳನ್ನು ಉಳಿಸಿಕೊಳ್ಳಲು ಬೋರ್ಡು, ಯೂನಿಫಾರಂ ಬೇಕೇನೋ. ಆ ವ್ಯಾನ್ ಎಂದೂ ಬಾರದ ಜಾಗದ ಮಕ್ಕಳ ವಿಷಯ ಮಾತ್ರ ಯಾರೂ ಎತ್ತುತ್ತಿಲ್ಲ.

ನಮ್ಮ ಮಾಲೂರಿನ ಇಟ್ಟಿಗೆ ಗೂಡುಗಳನ್ನು ನೋಡಿ. ಮಳೆ ನಿಂತ ಮೇಲೆ ಒಡಿಶಾದಿಂದ, ಉತ್ತರ ಕರ್ನಾಟಕದಿಂದ ಸಂಸಾರಗಳು ಬಂದಿಳಿಯುತ್ತವೆ, ಮುಂಗಾರಿಗೆ ಮುಂಚೆ ಹೊರಟುಹೋಗುತ್ತವೆ. ಜೂನ್‌ನಲ್ಲಿ ಬರೆದ ಅಂಗನವಾಡಿ ದಾಖಲಾತಿಯಲ್ಲಿ ಅವರ ಮಕ್ಕಳ ಹೆಸರು ಇರುವುದಾದರೂ ಹೇಗೆ? ಟೀಚರ್ ಮನಸ್ಸು ಮಾಡಿ ಸೇರಿಸಿಕೊಂಡರು ಅನ್ನಿ. ಮೂರು ವರ್ಷದ ಮಗುವನ್ನು ಗೂಡಿನಿಂದ ಊರೊಳಗಿನ ಕೇಂದ್ರಕ್ಕೆ ಕರೆತರುವವರು ಯಾರು? ಒಡಿಯಾ ಬಿಟ್ಟರೆ ಇನ್ನೇನೂ ಅರಿಯದ ಆ ಮಗುವನ್ನು ಮಾತಾಡಿಸುವವರು ಯಾರು? ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲು ಶುರುವಾದರೆ ಕೂಲಿಯವರ ಮಕ್ಕಳಿಗೆ ತೋಪೇ ಗತಿ. ಪಂಚಾಯಿತಿಗಳ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಹುಟ್ಟಿದ್ದು ನರೇಗಾ ಕೆಲಸದ ತಾಯಂದಿರಿಗಾಗಿ. ಗೂಡಿನ ಕೂಲಿ ನರೇಗಾ ಅಲ್ಲ.

ಪೂರಕ ಪೌಷ್ಟಿಕ ಆಹಾರಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ಗೊತ್ತುಮಾಡಿದ್ದು ಮಗುವಿಗೆ ದಿನಕ್ಕೆ 8 ರೂಪಾಯಿ. ತೀವ್ರ ಅಪೌಷ್ಟಿಕತೆಯಿದ್ದರೆ 12. ಹೆಚ್ಚು ಸೊರಗಿದ ಮಗುವಿಗೆ ಹೆಚ್ಚು ಹಣ ಎಂಬುದನ್ನು ಊಟದ ತಟ್ಟೆಯ ಮಟ್ಟಿಗೆ ಸರ್ಕಾರವೇ ಒಪ್ಪಿದೆ ಎಂದಾಯಿತು. ಕಲಿಕೆಗೆ ಬಂದರೆ ಆ ನ್ಯಾಯ ಇಲ್ಲ. ಗೂಡಿನ ಪಕ್ಕದ ಕೇಂದ್ರಕ್ಕೂ ಪಟ್ಟಣದ ಬಡಾವಣೆಯ ಕೇಂದ್ರಕ್ಕೂ ಒಂದೇ ಅಳತೆ.

ಬೊಕ್ಕಸದಲ್ಲಿ ಹಣವಿಲ್ಲ ಅನ್ನುತ್ತಾರೆ. ಆರ್‌ಟಿಇ ಅಡಿ ಖಾಸಗಿ ಶಾಲೆಯ ಎಲ್‌ಕೆಜಿ ಸೇರಿದ ಬಡ ಮಗುವಿಗೆ ಇದೇ ರಾಜ್ಯ ಸರ್ಕಾರ ವರ್ಷಕ್ಕೆ 8,000 ರೂಪಾಯಿವರೆಗೆ ಶುಲ್ಕ ಕಟ್ಟಿಕೊಟ್ಟಿಲ್ಲವೆ? 2019ರಲ್ಲಿ ನಿಯಮ ಬದಲಾಯಿತು. ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ ಎಂದಾಯಿತು. ಅದನ್ನು ನಾನು ತಪ್ಪೆನ್ನುವುದಿಲ್ಲ. ಖಾಸಗಿ ಶಾಲೆಗೆ ಮಗುವಿನ ಹಿಂದೆ ಹೋಗುತ್ತಿದ್ದ ಹಣ ಅಂಗನವಾಡಿಗೆ ಏಕೆ ಬರಲಿಲ್ಲ ಎಂಬುದಷ್ಟೇ ನನ್ನ ತಕರಾರು. ಇಂಗ್ಲೆಂಡಿನಲ್ಲಿ 2015ರ ಏಪ್ರಿಲ್‌ನಿಂದ ಬಡ ಕುಟುಂಬದ ಮೂರು, ನಾಲ್ಕು ವರ್ಷದ ಮಗುವನ್ನು ಸೇರಿಸಿಕೊಂಡ ಶಿಶುಕೇಂದ್ರಕ್ಕೆ ಹೆಚ್ಚುವರಿ ಹಣ ಸಿಗುತ್ತಿದೆ. 2025-26ರಲ್ಲಿ ಅದು ವರ್ಷಕ್ಕೆ 570 ಪೌಂಡ್‌ವರೆಗೆ ಇತ್ತು. ಅಷ್ಟು ಮೊತ್ತ ನಮ್ಮಿಂದಾಗದು, ಸರಿ. ಕ್ರಮವನ್ನು ಅನುಸರಿಸಲು ಏನು ಅಡ್ಡಿ?

ಗೂಡು, ಕ್ವಾರಿ, ತೋಪಿನ ಮಗು ವರ್ಷದ ಯಾವ ತಿಂಗಳಲ್ಲಿ ಸೇರಿದರೂ ಅದರ ಹೆಸರಿನ ಹೆಚ್ಚುವರಿ ಹಣ ಆ ತಿಂಗಳೇ ಅಂಗನವಾಡಿಯ ಬಾಲವಿಕಾಸ ಸಮಿತಿಯ ಖಾತೆಗೆ ಬರಲಿ. ಕರೆತರುವ ಆಟೋಗೆ, ಮಗುವಿನ ಭಾಷೆ ಬಲ್ಲ ಒಬ್ಬ ಹೆಚ್ಚುವರಿ ಸಹಾಯಕಿಗೆ ಅದು ಖರ್ಚಾಗಲಿ. ಗೋಡೆಗೆ ಬಣ್ಣ ಬಳಿಯಲು ಬೇಡ, ಬಣ್ಣ ಸಾಕಷ್ಟು ಆಗಿದೆ. ಸುಳ್ಳು ಹೆಸರು ಬರೆದು ಹಣ ಹೊಡೆಯುತ್ತಾರೆಂಬ ಭಯ ಸುಳ್ಳಲ್ಲ. ಆದರೆ ಮಕ್ಕಳ ತೂಕ ಹೇಗೂ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಏರುತ್ತದೆ. ಜೊತೆಗೆ ಗ್ರಾಮಸಭೆಯಲ್ಲಿ ಪಟ್ಟಿ ಓದಿಸಿದರೆ ಸಾಕು.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಈ ಸಲ ಗೂಡುಗಳಿಗೆ ಬೆಂಕಿ ಬೀಳುವ ಮುಂಚೆ ಮಾಲೂರು ತಾಲ್ಲೂಕಿನಲ್ಲಾದರೂ ಈ ಮಕ್ಕಳನ್ನು ಎಣಿಸಲಿ. ಆರು ವರ್ಷದೊಳಗಿನ ಎಷ್ಟು ಮಕ್ಕಳು ತನ್ನ ಗೂಡಿನಲ್ಲಿದ್ದಾರೆ ಎಂದು ಪ್ರತಿ ಮಾಲೀಕನಿಂದ ಪಂಚಾಯಿತಿ ಬರೆಸಿಕೊಳ್ಳಲಿ.

— ಒಬ್ಬ ಓದುಗ, ಟೇಕಲ್, ಮಾಲೂರು ತಾಲ್ಲೂಕು