ಆಡದ ಆಟದ ಬೆಲೆ

ಈ ಸಲದ ಎಂ.ಎ. ಕಿರುಪ್ರಬಂಧಕ್ಕೆ ನಮ್ಮ ವಿದ್ಯಾರ್ಥಿಯೊಬ್ಬ ಆರಿಸಿಕೊಂಡ ವಿಷಯ, ವಿಡಿಯೋ ಗೇಮುಗಳಲ್ಲಿ ಕಥೆ ನಡೆಯುವ ರೀತಿ. ಕನ್ನಡ ಎಂ.ಎ.ಗೆ ಇದೆಂಥ ವಿಷಯವೆಂದು ಹುಬ್ಬೇರಿಸಿದವರು ವಿಭಾಗದಲ್ಲಿ ಇಲ್ಲದಿರಲಿಲ್ಲ. ಕಥೆ ಹೇಳುವ ಕಲೆ ಎಲ್ಲಿದ್ದರೂ ನಮ್ಮ ಪರಿಶೀಲನೆಗೆ ಅರ್ಹವೆಂದು ನಾನು ಒಪ್ಪಿಗೆ ಕೊಟ್ಟೆ. ಪ್ರಬಂಧ ಮುಗಿಯುವ ಹೊತ್ತಿಗೆ ಹುಡುಗ ನನ್ನ ಕೊಠಡಿಗೆ ಬಂದು, ಹೇಳಲೋ ಬೇಡವೋ ಎಂಬಂತೆ ನಿಂತು, ಕೊನೆಗೆ ಕೇಳಿದ: “ಸರ್, ಆಕರಗಳ ಪಟ್ಟಿಯಲ್ಲಿ ಈ ಆಟವನ್ನು ಏನೆಂದು ನಮೂದಿಸಲಿ? ನಾನು ಆಡಿದ್ದು ಕಳ್ಳಪ್ರತಿ.”

ಕೊಂಡು ಆಡಬಾರದಿತ್ತೆ ಎಂದೆ. ಅವನು ಬೆಲೆ ಹೇಳಿದ. ನಾನು ಸುಮ್ಮನಾದೆ.

ಅವನು ಹೇಳಿದ ಆಟದ ಹೆಸರು ‘ಅರ್ಥ್‌ಬೌಂಡ್’. ಜಪಾನಿನಲ್ಲಿ 1994ರಲ್ಲಿ ‘ಮದರ್ 2’ ಎಂಬ ಹೆಸರಿನಿಂದ ಹೊರಬಂದು, ಮರುವರ್ಷ ಅಮೆರಿಕಕ್ಕೆ ಹೋಯಿತು. ಅದರ ಕರ್ತೃ ಶಿಗೆಸಾಟೊ ಇಟೋಯಿ ಮೂಲತಃ ಜಾಹೀರಾತಿನ ಬರೆಹಗಾರ, ಪ್ರಬಂಧಕಾರ, ಯಂತ್ರಶಾಸ್ತ್ರದವನಲ್ಲ. ಆಟದ ನಾಯಕ ಬೇಸ್‌ಬಾಲ್ ದಾಂಡನ್ನು ಹಿಡಿದು ಊರು ಬಿಟ್ಟು ಹೊರಟ ಒಬ್ಬ ಸಾಧಾರಣ ಹುಡುಗ. ಆಟವನ್ನು ಅಲ್ಲಿಗೆ ನಿಲ್ಲಿಸಿ ನಾಳೆಗೆ ಉಳಿಸಿಕೊಳ್ಳಬೇಕಾದರೆ ಅವನು ತಂದೆಗೆ ದೂರವಾಣಿ ಮಾಡಬೇಕು. ಆ ತಂದೆ ಆಟದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ, ಬರಿಯ ಧ್ವನಿಯಷ್ಟೆ. ಬಹಳ ದಿನ ಮನೆಯನ್ನು ಬಿಟ್ಟಿದ್ದರೆ ಹುಡುಗನಿಗೆ ಮನೆಯ ಹಂಬಲ ಹತ್ತುತ್ತದೆ. ಆಗ ಅವನ ಕೈ ಕಾದಾಟಕ್ಕೆ ಏಳುವುದಿಲ್ಲ. ತಾಯಿಯ ಜೊತೆ ಎರಡು ಮಾತಾಡಿದರೆ ಸರಿಹೋಗುತ್ತದೆ. ಹಾಸ್ಟೆಲಿನಲ್ಲಿರುವ ನಮ್ಮ ಹುಡುಗ ಇದನ್ನು ಕುರಿತು ಬರೆದ ನಾಲ್ಕು ಪುಟ ಅವನ ಪ್ರಬಂಧದ ಅತ್ಯುತ್ತಮ ಭಾಗವೆಂದು ನಾನು ಸಂಕೋಚವಿಲ್ಲದೆ ಹೇಳಬಲ್ಲೆ.

ಈ ಆಟ ಅಮೆರಿಕದಲ್ಲಿ ಬಂದಾಗ ಹೆಚ್ಚು ಖರ್ಚಾಗಲಿಲ್ಲ. ಖರ್ಚಾಗದ ಆ ಸರಕು ಇಂದು ಅಪರೂಪದ ವಸ್ತು. ಪೆಟ್ಟಿಗೆ, ಕೈಪಿಡಿ ಏನೂ ಇಲ್ಲದ ಬರಿಯ ಕ್ಯಾಸೆಟ್ಟಿಗೆ ನೂರಾರು ಡಾಲರು. ಎಲ್ಲವೂ ಕೂಡಿಬಂದರೆ ಸಾವಿರವನ್ನೂ ದಾಟುತ್ತದೆ. ಅದರ ಜೊತೆಗೆ ಯಂತ್ರ ಬೇಕು, ಸಾಗಣೆಯ ವೆಚ್ಚ, ಸುಂಕ. ಒಂದು ಆಟವನ್ನು ನ್ಯಾಯವಾಗಿ ಆಡಿ ನಾಲ್ಕು ಪುಟ ಬರೆಯುವುದಕ್ಕೆ ಹುಡುಗನೊಬ್ಬ ಹಲವು ತಿಂಗಳ ಊಟದ ಹಣವನ್ನು ತೆರಬೇಕು.

ಹಳೆಯ ಆಟಗಳ ಬೆಲೆ ಏರಿದ ಸುದ್ದಿಯನ್ನು ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಅಮೆರಿಕದ ಡಲ್ಲಾಸ್ ನಗರದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ 2020ರ ಜುಲೈನಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ನ ಮೊಹರು ಒಡೆಯದ ಒಂದು ಪ್ರತಿ 1,14,000 ಡಾಲರಿಗೆ ಹೋಯಿತು. ಅದೇ ಆಟದ ಇನ್ನೊಂದು ಪ್ರತಿ 2021ರ ಏಪ್ರಿಲಿನಲ್ಲಿ 6,60,000 ಡಾಲರು. ಅದೇ ವರ್ಷದ ಜುಲೈ 9ರಂದು ‘ದಿ ಲೆಜೆಂಡ್ ಆಫ್ ಜೆಲ್ಡಾ’ 8,70,000. ಎರಡೇ ದಿನ ಕಳೆದು, ಜುಲೈ 11ರಂದು, ‘ಸೂಪರ್ ಮಾರಿಯೋ 64’ ಹದಿನೈದು ಲಕ್ಷದ ಅರವತ್ತು ಸಾವಿರ ಡಾಲರು. ಆಗಿನ ಲೆಕ್ಕಕ್ಕೆ ನಮ್ಮ 11 ಕೋಟಿ ರೂಪಾಯಿಗೂ ಮಿಗಿಲು. ಈ ಕೊನೆಯದು ಅಪರೂಪದ ಆಟವಾಗಿದ್ದರೆ ಒಂದು ಮಾತು. 1996ರಲ್ಲಿ ಬಂದ ಅದರ ಪ್ರತಿಗಳು ಲೋಕದಲ್ಲಿ 1 ಕೋಟಿಗೂ ಹೆಚ್ಚು ಮಾರಾಟವಾಗಿವೆ. ಹಾಗಾದರೆ ಕೊಂಡವನು ಕೊಂಡದ್ದೇನನ್ನು? ಮೇಲೆ ಸುತ್ತಿದ ತೆಳು ಪ್ಲಾಸ್ಟಿಕ್ಕು ಹರಿಯದೆ ಉಳಿದಿದೆ ಎಂಬ ಸಂಗತಿಯನ್ನು. ಈ ಪ್ಲಾಸ್ಟಿಕ್ಕನ್ನು ಭೂತಗನ್ನಡಿ ಹಿಡಿದು ನೋಡಿ ಅಂಕ ಕೊಡುವುದಕ್ಕೆಂದೇ ಸಂಸ್ಥೆಗಳು ಹುಟ್ಟಿಕೊಂಡಿವೆ. ಅಂಕ ಬಿದ್ದ ಪ್ರತಿಯನ್ನು ಗಟ್ಟಿಯಾದ ಪಾರದರ್ಶಕ ಕವಚದಲ್ಲಿಟ್ಟು ಮುಚ್ಚುತ್ತಾರೆ. ಅಂಥ ಒಂದು ಸಂಸ್ಥೆ ಪೇಟೆಯ ಧಾರಣೆಯನ್ನು ಕೃತಕವಾಗಿ ಏರಿಸಿತೆಂಬ ಆರೋಪದ ಮೇಲೆ 2022ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಗಿರಾಕಿಗಳು ದಾವೆಯನ್ನೂ ಹೂಡಿದರು.

ಜೆಲ್ಡಾದ ಕಥೆಯನ್ನು ಇನ್ನಷ್ಟು ಹೇಳಬೇಕು. 1987ರಲ್ಲಿ ಅಮೆರಿಕಕ್ಕೆ ಬಂದ ಆ ಬಂಗಾರದ ಬಣ್ಣದ ಕ್ಯಾಸೆಟ್ಟಿನೊಳಗೆ ನಾಣ್ಯದಂಥ ಒಂದು ಪುಟ್ಟ ಬ್ಯಾಟರಿ ಇದೆ. ದಿನಗಟ್ಟಲೆ ಸಾಗುವ ಆಟವಾದ್ದರಿಂದ, ಆಡಿದವನು ಎಲ್ಲಿಯವರೆಗೆ ಬಂದನೆಂಬುದನ್ನು ನೆನಪಿಟ್ಟುಕೊಳ್ಳುವುದಕ್ಕೆ ಅದು. ಕಾರ್ಖಾನೆಯಲ್ಲಿ ಕೂರಿಸಿದ ದಿನದಿಂದ ಆ ಬ್ಯಾಟರಿ ಸವೆಯುತ್ತಲೇ ಇರುತ್ತದೆ, ಆಡಲಿ, ಬಿಡಲಿ. ಆಡಿದ ಮನೆಗಳಲ್ಲಾದರೋ ಬಲ್ಲವರು ಕ್ಯಾಸೆಟ್ಟನ್ನು ಬಿಚ್ಚಿ, ಹೊಸದನ್ನು ಬೆಸುಗೆ ಹಾಕಿ, ಮತ್ತೆ ಆಡುತ್ತಾರೆ. ಮೊಹರಿನೊಳಗಿನದಕ್ಕೆ ಆ ಭಾಗ್ಯವಿಲ್ಲ. ಎಂಟು ಲಕ್ಷ ಎಪ್ಪತ್ತು ಸಾವಿರ ಡಾಲರಿನ ಪ್ರತಿ ಯಾರ ಆಟವನ್ನೂ ಒಮ್ಮೆಯೂ ನೆನಪಿಟ್ಟುಕೊಳ್ಳದೆ, ತನ್ನ ನೆನಪಿನ ಶಕ್ತಿಯನ್ನು ಕವಚದೊಳಗೇ ಕಳೆದುಕೊಳ್ಳುತ್ತಿದೆ.

ಪುಸ್ತಕದ ಲೋಕದಲ್ಲಿಯೂ ಇಂಥವರಿದ್ದಾರೆ: ಹಾಳೆಯ ಅಂಚು ಬಿಡಿಸದ ಪ್ರತಿಗೆ ಹೆಚ್ಚು ಕೊಡುವವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಣವುಳ್ಳವರು ಹಣವುಳ್ಳವರಿಗೆ ಮಾರಿಕೊಳ್ಳಲಿ. 2021ರ ಆ ಅಬ್ಬರ ಆಮೇಲೆ ತಾನಾಗಿಯೇ ಇಳಿಯಿತು. ನಾನು ಯೋಚಿಸಬೇಕಾಗಿರುವುದು ಎರಡನೆಯ ಬೆಲೆಯನ್ನು ಕುರಿತು: ಮೊಹರಿಲ್ಲದ, ಗೀರು ಬಿದ್ದ, ಯಾವನೋ ಹುಡುಗ ತನ್ನ ಹೆಸರನ್ನು ಮಸಿಯಿಂದ ಬರೆದ, ಆಡುವುದಕ್ಕೆಂದೇ ಕೊಳ್ಳುವ ಕ್ಯಾಸೆಟ್ಟಿನ ಬೆಲೆ. ಪತ್ರಿಕೆಗಳ ತಲೆಬರೆಹಕ್ಕೆ ಬರುವಂಥದಲ್ಲ ಅದು. ಆದರೆ ಏರಿದ್ದು ಅದೂ ಏರಿದೆ, ಮೇಲಿನ ಅಬ್ಬರ ಇಳಿದ ಮೇಲೂ ಮೊದಲಿನ ಮಟ್ಟಕ್ಕೆ ಮರಳಿಲ್ಲ.

ಕಾರಣಗಳು ಹಲವು. 1980ರ, 90ರ ದಶಕಗಳಲ್ಲಿ ಬಾಲಕರಾಗಿದ್ದವರು ಈಗ ಸಂಪಾದನೆಯುಳ್ಳವರು. ಬಾಲ್ಯವನ್ನು ಮರಳಿ ಕೊಳ್ಳುವ ಆಸೆ ಎಲ್ಲರಿಗೂ ಉಂಟು. 2020ರ ಮಹಾಮಾರಿ ಅವರನ್ನು ಮನೆಯೊಳಗೆ ಕೂರಿಸಿತು. ಟೋಕಿಯೋದ ಅಕಿಹಬಾರದಲ್ಲಿ ಹಳೆಯ ಆಟಗಳನ್ನೇ ಮಾರುವ ಅಂಗಡಿಗಳಿವೆ. ಯೆನ್ ನಾಣ್ಯ ಕುಸಿದು 2024ರಲ್ಲಿ ಡಾಲರಿಗೆ 160ನ್ನು ದಾಟಿದ ಕಾಲದಲ್ಲಿ ವಿದೇಶದ ಪ್ರವಾಸಿಗಳಿಗೆ ಅಲ್ಲಿನ ಬೆಲೆ ಅಗ್ಗವಾಗಿ ಕಂಡು, ಪೆಟ್ಟಿಗೆ ತುಂಬಿಕೊಂಡು ಹೋದರು. ಇವೆಲ್ಲ ಬೇಡಿಕೆಯ ಕಥೆ. ಪೂರೈಕೆಯ ಕಥೆ ಬೇರೆ, ಅಸಲು ಮರ್ಮವಿರುವುದು ಅಲ್ಲಿ. ಹಳೆಯ ಕಾದಂಬರಿಯ ಮೊದಲ ಮುದ್ರಣ ಎಷ್ಟೇ ದುಬಾರಿಯಾಗಲಿ, ಓದಬೇಕೆನ್ನುವವನಿಗೆ ಮರುಮುದ್ರಣವಿದೆ, ಗ್ರಂಥಾಲಯವಿದೆ. ಹಳೆಯ ಆಟಕ್ಕೆ ಬಹುಪಾಲು ಇವೆರಡೂ ಇಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇಕಡ 87ರಷ್ಟು ಮಾರಾಟದಲ್ಲಿ ಉಳಿದಿಲ್ಲ. ಮರುಪ್ರಕಟವಾದದ್ದಕ್ಕಾದರೂ ಆಯುಸ್ಸುಂಟೆ? ನಮ್ಮ ಹುಡುಗನ ‘ಅರ್ಥ್‌ಬೌಂಡ್’ 2013ರಲ್ಲಿ ನಿಂಟೆಂಡೊ ಸಂಸ್ಥೆಯ ವೀ ಯು ಯಂತ್ರಕ್ಕೆ ಮತ್ತೆ ಬಂತು. 2023ರ ಮಾರ್ಚಿನಲ್ಲಿ ಆ ಯಂತ್ರದ ಜಾಲ ಅಂಗಡಿಯನ್ನೇ ಮುಚ್ಚಿದರು. 2022ರಲ್ಲಿ ಸ್ವಿಚ್ ಯಂತ್ರದ ಚಂದಾದಾರರಿಗೆ ದೊರೆಯಿತು. 2017ರಲ್ಲಿ ಆ ಯಂತ್ರ ಲೋಕಕ್ಕೆಲ್ಲ ಬಂದಾಗ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯನ್ನೇ ಮಾಡಲಿಲ್ಲ.

ಇಲ್ಲಿ ನನ್ನ ಕಥೆಯನ್ನೂ ಸೇರಿಸಬೇಕಾಗಿದೆ. ಏಕೆಂದರೆ ಕಳ್ಳಪ್ರತಿಯ ವಿಷಯದಲ್ಲಿ ಆ ಹುಡುಗನಿಗೆ ಬುದ್ಧಿ ಹೇಳುವ ಅಧಿಕಾರ ನನಗೆಷ್ಟಿದೆಯೋ ತಿಳಿಯದು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಹಾಸನದ ಮನೆಗೆ ಸೋದರಮಾವ ಬೆಂಗಳೂರಿನಿಂದ ಒಂದು ವಿಡಿಯೋ ಗೇಮ್ ಯಂತ್ರವನ್ನು ತಂದುಕೊಟ್ಟರು. ಜಪಾನಿನ ಮೂಲ ಯಂತ್ರದ ನಕಲು ಅದು. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿತ್ತು. ಎಣಿಸಿ ನೋಡಿದರೆ ಹತ್ತು ಹನ್ನೆರಡೇ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಕ್ಯಾಸೆಟ್ಟು ಓಡದಿದ್ದರೆ ಬಾಯಿಂದ ಊದುತ್ತಿದ್ದೆವು. ಅಂದು ನಮ್ಮ ಬೀದಿಯ ಹುಡುಗರು ಮಾರಿಯೋವನ್ನು ಆಡಿದ್ದಕ್ಕೆ ಅದನ್ನು ಕಟ್ಟಿದವರಿಗೆ ಒಂದು ಕಾಸೂ ಸಂದಿರಲಾರದು. ನಮಗೆ ಆ ಕಲೆಯ ಪರಿಚಯವಾದದ್ದು ಪೂರ್ತಿಯಾಗಿ ಕಳ್ಳಪ್ರತಿಗಳಿಂದ. ಹಾಗೆಂದು ತಿಳಿದದ್ದು ಮಾತ್ರ ಎಷ್ಟೋ ವರ್ಷಗಳ ಮೇಲೆ.

ಆ ಯಂತ್ರದ ಜೊತೆಗೊಂದು ಬಂದೂಕಿತ್ತು. ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ ಆಟಕ್ಕೆ. ಅಮ್ಮ ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಒಂದೇ ಒಂದು ಸಲ ಎಂದು ಬಂದೂಕು ಹಿಡಿದು, ನಮ್ಮೆಲ್ಲರಿಗಿಂತ ಹೆಚ್ಚು ಬಾತುಗಳನ್ನು ಉರುಳಿಸಿದ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಮನೆ ಬದಲಿಸುವಾಗ ಯಂತ್ರ, ಬಂದೂಕು ಎರಡೂ ಗುಜರಿಯವನ ಗಾಡಿ ಸೇರಿದವು. ಕಳೆದ ವರ್ಷ ಮಗಳಿಗೆ ತೋರಿಸಬೇಕೆಂಬ ಆಸೆಯಿಂದ ಅಂಥದೊಂದು ಹಳೆಯ ಯಂತ್ರವನ್ನು, ಹೇಳಲು ನಾಚಿಕೆಯಾಗುವ ಬೆಲೆಗೆ ಕೊಂಡುತಂದೆ. ಬಾತುಗಳು ಹಾರಿದವು, ಒಂದೂ ಬೀಳಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು: ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತು ಇದ್ದ ಜಾಗದಲ್ಲಿ ಬಿಳಿಯ ಚೌಕವೊಂದು ಕಣ್ಣಿಗೆ ನಿಲುಕದಷ್ಟು ಹೊತ್ತು ಮಿಂಚುತ್ತದೆ, ಬಂದೂಕಿನ ಮೂತಿಯಲ್ಲಿರುವ ಕಣ್ಣು ಆ ಬೆಳಕನ್ನು ಹಿಡಿದರೆ ಗುರಿ ಮುಟ್ಟಿದಂತೆ. ಇದೆಲ್ಲ ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ.ಯ ಲಯಕ್ಕೆ ಹೊಂದಿಸಿದ್ದು. ಈಗಿನ ತೆಳ್ಳನೆಯ ಟಿ.ವಿ. ಚಿತ್ರವನ್ನು ತೋರಿಸುವಷ್ಟರಲ್ಲಿ ಕೊಂಚ ತಡವಾಗಿರುತ್ತದೆ. ಆಟವಿದೆ, ಬಂದೂಕಿದೆ, ಬಾತಿದೆ. ಅವನ್ನು ಕೂಡಿಸುವ ಪೆಟ್ಟಿಗೆ ಗುಜರಿಗೆ ಹೋಗಿದೆ.

ಗುಜರಿಯ ಮಾತು ಬಂದದ್ದರಿಂದ ಒಂದು ಸಂಗತಿ. 1983ರಲ್ಲಿ ಅಟಾರಿ ಸಂಸ್ಥೆ, ಮಾರಾಟವಾಗದ ತನ್ನ ಸರಕನ್ನು ನ್ಯೂ ಮೆಕ್ಸಿಕೋದ ಅಲಮೊಗಾರ್ಡೋ ಊರಿನ ಕಸದ ಗುಂಡಿಯಲ್ಲಿ ಹೂಳಿಸಿತು. 2014ರಲ್ಲಿ ಅದನ್ನು ಅಗೆದು ತೆಗೆದರು. ಕಸದ ವಾಸನೆ ಹೊತ್ತ ಆ ಕ್ಯಾಸೆಟ್ಟುಗಳನ್ನು ಊರಿನ ಆಡಳಿತ ಹರಾಜು ಹಾಕಿ ಲಕ್ಷ ಡಾಲರಿಗೂ ಮಿಕ್ಕಿ ಗಳಿಸಿತು. ಒಂದು ಪ್ರತಿ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನೂ ಸೇರಿತು.

ಈಗ ಕಾನೂನಿನ ಕಡೆ ಬರೋಣ. ಕರ್ತೃವಿನ ಹಕ್ಕನ್ನು ಹಗುರವಾಗಿ ಕಾಣುವವನು ನಾನಲ್ಲ. ಪುಸ್ತಕ ಬರೆದು ಗೌರವಧನಕ್ಕೆ ಕಾದವರಿಗೆ ಆ ಹಕ್ಕಿನ ಬೆಲೆ ತಿಳಿದಿರುತ್ತದೆ. ಆದರೆ ಹಕ್ಕುದಾರ ತಾನೂ ಮಾರುವುದಿಲ್ಲ, ಗ್ರಂಥಾಲಯಕ್ಕೂ ಬಿಡುವುದಿಲ್ಲ ಎಂದರೆ ಆಗ ರಕ್ಷಣೆ ಪಡೆಯುತ್ತಿರುವುದು ಯಾರು? ಹಳೆಯ ಕ್ಯಾಸೆಟ್ಟನ್ನು ನೂರಾರು ಡಾಲರಿಗೆ ಕೊಂಡರೂ ಕರ್ತೃವಿಗೆ ಅದರಲ್ಲಿ ಒಂದು ಬಿಡಿಗಾಸೂ ಹೋಗುವುದಿಲ್ಲ. ಎಲ್ಲ ದಲ್ಲಾಳಿಯ ಪಾಲು. ಅಮೆರಿಕದ ಗ್ರಂಥಾಲಯಗಳು, ತಾವು ಕಾಪಾಡಿದ ಹಳೆಯ ಆಟಗಳನ್ನು ಸಂಶೋಧಕರು ದೂರದಿಂದಲೇ ನೋಡಲು ಅನುಮತಿ ಬೇಕೆಂದು ಅಲ್ಲಿನ ಕೃತಿಸ್ವಾಮ್ಯ ಕಚೇರಿಯನ್ನು ಕೇಳಿದ್ದವು. 2024ರ ಅಕ್ಟೋಬರಿನಲ್ಲಿ ಕಚೇರಿ ಒಪ್ಪಲಿಲ್ಲ. ಸಂಶೋಧನೆಯ ನೆಪದಲ್ಲಿ ಜನ ಸಂತೋಷಕ್ಕಾಗಿ ಆಡಿಬಿಟ್ಟಾರೆಂಬುದು ವಿರೋಧಿಸಿದವರ ಆತಂಕ! ಸಂತೋಷಕ್ಕಾಗಿ ಓದಿಬಿಟ್ಟಾರೆಂದು ಕಾದಂಬರಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಗ್ರಂಥಪಾಲಕರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ, ಅವರ ನೆನಪಾಯಿತು. ಜಪಾನಿನವರು ಈ ವಿಷಯದಲ್ಲಿ ಜಾಣರು. 2000ದಿಂದ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಪುಸ್ತಕದಂತೆಯೇ ಆಟದ ಪ್ರತಿಯೂ ಕಾನೂನಿನ ಪ್ರಕಾರ ಸಲ್ಲಬೇಕು. ನಮ್ಮ 1954ರ ಕಾಯಿದೆ ಪುಸ್ತಕ, ಪತ್ರಿಕೆಗಳನ್ನು ಸಲ್ಲಿಸಹೇಳುತ್ತದೆ; ಆಟದ ಯೋಚನೆ ಆಗ ಯಾರಿಗೂ ಇರಲು ಸಾಧ್ಯವಿರಲಿಲ್ಲ, ಆಮೇಲೆ ಯಾರೂ ಮಾಡಲಿಲ್ಲ.

ಈ ನಡುವೆ ಆಟಗಳನ್ನು ಉಳಿಸಿರುವವರು ಯಾರೆಂದರೆ, ಕ್ಯಾಸೆಟ್ಟಿನೊಳಗಿನ ಅಂಶವನ್ನು ಕಂಪ್ಯೂಟರಿಗೆ ಇಳಿಸಿಟ್ಟ ಹೆಸರಿಲ್ಲದ ಹವ್ಯಾಸಿಗಳು. ‘ಮದರ್’ ಮಾಲೆಯ ಮೂರನೆಯ ಆಟ 2006ರಲ್ಲಿ ಜಪಾನಿ ಭಾಷೆಯಲ್ಲಿ ಮಾತ್ರ ಬಂತು. ಅದನ್ನು 2008ರಲ್ಲಿ ಇಂಗ್ಲಿಷಿಗೆ ತಂದವರು ಅಭಿಮಾನಿಗಳು, ಕಾಸು ಪಡೆಯದೆ. 941ರ ಪಂಪಭಾರತ ಅಚ್ಚು ಕಂಡದ್ದು 19ನೆಯ ಶತಮಾನದ ಕೊನೆಗೆ. ಅಲ್ಲಿಯವರೆಗೆ ಅದನ್ನು ನಮಗೆ ಸಾಗಿಸಿದ ಪ್ರತಿಕಾರರು ಯಾರ ಅಪ್ಪಣೆ ಪಡೆದಿದ್ದರು ಎಂದು ತರಗತಿಯಲ್ಲಿ ನಾವು ಕೇಳುವುದಿಲ್ಲ. ಹೋಲಿಕೆ ಪೂರ್ತಿ ಸರಿಯಲ್ಲವೆಂದು ನನಗೂ ಗೊತ್ತು: ಪಂಪನ ಕಾಲಕ್ಕೆ ಕೃತಿಸ್ವಾಮ್ಯವಿರಲಿಲ್ಲ, ಇಟೋಯಿ ನಮ್ಮ ನಡುವಿನ ಲೇಖಕ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಆಡಿದ್ದು ಯಾವ ಪ್ರತಿಯೋ ಅದನ್ನೇ ಬರೆ, ‘ಅನಧಿಕೃತ ಪ್ರತಿ, ಅಧಿಕೃತ ಪ್ರತಿ ಕೈಗೆಟುಕಲಿಲ್ಲ’ ಎಂದು. ಪರೀಕ್ಷಕರು ಆಕ್ಷೇಪಿಸಿದರೆ ಉತ್ತರ ಕೊಡುವ ಹೊಣೆ ನನ್ನದು. ಅವನು ಹಾಗೆಯೇ ಬರೆದ, ನಾನು ಸಹಿ ಹಾಕಿದೆ.

ಅನಂತರ ನಮ್ಮ ಕಾಲೇಜಿನ ಗ್ರಂಥಪಾಲಕರಿಗೆ ಒಂದು ಪತ್ರ ಕೊಟ್ಟೆ. ಹಳೆಯ ಯಂತ್ರವೊಂದು, ಇಪ್ಪತ್ತು ಕ್ಯಾಸೆಟ್ಟು, ಪಿಕ್ಚರ್ ಟ್ಯೂಬಿನ ಟಿ.ವಿ. ಒಂದು, ಬೆಲೆ ಇನ್ನೂ ಏರುವುದಕ್ಕೆ ಮೊದಲೇ ಇವನ್ನು ಕೊಂಡು ವಾಚನಾಲಯದ ಮೂಲೆಯಲ್ಲಿ ಇಡಬೇಕೆಂದು. ಅವರು ಸಹೃದಯರು, ನಕ್ಕು ತಳ್ಳಿಹಾಕಲಿಲ್ಲ. ಲೆಕ್ಕಪತ್ರದಲ್ಲಿ ಇದು ಗ್ರಂಥವೋ, ಪೀಠೋಪಕರಣವೋ, ಕ್ರೀಡಾಸಾಮಗ್ರಿಯೋ ಎಂದು ತಿಳಿಸಿದರೆ ಮುಂದಿನ ಕ್ರಮ ಕೈಗೊಳ್ಳಲಾಗುವುದೆಂದು ಉತ್ತರ ಬರೆದಿದ್ದಾರೆ. ಗ್ರಂಥವೆಂದು ತಿಳಿಸಿದ್ದೇನೆ.