ದಾಳಿಯ ವೇಗವು ಹಿಡಿತದ ಕೊರತೆಯನ್ನು ಮುಚ್ಚಬಲ್ಲುದೆ?

ನಮ್ಮ ಕಾಲೇಜಿನ ಕಬಡ್ಡಿ ತಂಡವು ಈ ವರ್ಷ ಮೊದಲ ಸುತ್ತಿನಲ್ಲಿಯೇ ಸೋತು ಬಂದುದು ಎಲ್ಲರಿಗೂ ತಿಳಿದ ಸಂಗತಿ. ಮರುದಿನ ಬೇವಿನ ಮರದ ಕೆಳಗೆ ನಡೆದ ಚರ್ಚೆಯೂ ಹಲವರಿಗೆ ನೆನಪಿರಬಹುದು. "ಇನ್ನಷ್ಟು ಬಿರುಸಾಗಿ ಆಡಿದ್ದರೆ ಗೆಲ್ಲುತ್ತಿದ್ದೆವು, ಎದುರಾಳಿಗೆ ಉಸಿರಾಡಲು ಬಿಡಬಾರದಾಗಿತ್ತು, ದಾಳಿ ಬಲವಾಗಿದ್ದರೆ ಹಿಡಿತದ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ" ಎಂದು ಅಲ್ಲಿ ಒಕ್ಕೊರಲಿನಿಂದ ತೀರ್ಮಾನವಾಯಿತು. ಆ ತಂಡದ ಎಡಮೂಲೆಯನ್ನು ಕಾಯುತ್ತಿದ್ದವನು ನಾನು. ಸೋತವನು ಮಾತನಾಡಿದರೆ ನೆಪ ಹೇಳಿದಂತಾದೀತೆಂದು ಅಂದು ಸುಮ್ಮನಿದ್ದೆ. ಆದರೆ ಆ ತೀರ್ಮಾನ ತಪ್ಪೆಂಬುದು ನನ್ನ ದೃಢವಾದ ನಂಬಿಕೆ. ಮುಂದಿನ ವರ್ಷದ ತಂಡವೂ ಅದೇ ತೀರ್ಮಾನದ ಮೇಲೆ ನಿಲ್ಲಲಿದೆಯಾದ್ದರಿಂದ ಈಗ ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿದೆ.

ಮೊದಲು ಆಟದ ಲೆಕ್ಕವನ್ನು ನೋಡೋಣ. ಕಬಡ್ಡಿಯಲ್ಲಿ ಒಂದು ದಾಳಿ ನಮ್ಮದು, ಮರುದಾಳಿ ಅವರದು. ಒಂದು ದಾಳಿಗೆ ಹೆಚ್ಚೆಂದರೆ 30 ಸೆಕೆಂಡು. ಪಂದ್ಯಕ್ಕೆ 40 ನಿಮಿಷ. ಪ್ರತಿಯೊಬ್ಬನೂ ತನ್ನ 30 ಸೆಕೆಂಡನ್ನು ಪೂರ್ತಿ ಬಳಸಿದರೆ ಒಟ್ಟು 80 ದಾಳಿ, ತಂಡಕ್ಕೆ 40. ಎಲ್ಲರೂ ಅವಸರ ಮಾಡಿ 20 ಸೆಕೆಂಡಿಗೆ ಮುಗಿಸಿದರೆ 120 ದಾಳಿ, ತಂಡಕ್ಕೆ 60. ನಾವು ಎಷ್ಟು ಬೇಗ ಹೋಗಿ ಬರುತ್ತೇವೆಯೋ ಅಷ್ಟು ಬೇಗ ಎದುರಾಳಿಯೂ ನಮ್ಮ ಅಂಗಳಕ್ಕೆ ಬರುತ್ತಾನೆ. ನಮ್ಮ ದಾಳಿಯೊಂದೇ ಹೆಚ್ಚಿ ಅವನದು ಹೆಚ್ಚದಂತೆ ಮಾಡುವ ಉಪಾಯ ಈ ಆಟದಲ್ಲಿಲ್ಲ.

ಈಗ ನಮ್ಮ ತಂಡವು ಹತ್ತು ದಾಳಿಗೆ 6 ಅಂಕ ಗಳಿಸುತ್ತದೆಂದೂ, ನಮ್ಮ ಹಿಡಿತ ಸಡಿಲವಾದ್ದರಿಂದ ಎದುರಾಳಿ ಹತ್ತಕ್ಕೆ 7 ಗಳಿಸುತ್ತಾನೆಂದೂ ಇಟ್ಟುಕೊಳ್ಳಿ. ನಿಧಾನದ ಆಟದಲ್ಲಿ ನಮಗೆ 24, ಅವರಿಗೆ 28. ನಾಲ್ಕು ಅಂಕದ ಸೋಲು. ಬಿರುಸಿನ ಆಟದಲ್ಲಿ ನಮಗೆ 36, ಅವರಿಗೆ 42. ಆರು ಅಂಕದ ಸೋಲು. ವೇಗವು ಕೊರತೆಯನ್ನು ಮುಚ್ಚಲಿಲ್ಲ, ಬೆಳೆಸಿತು. ತೂತು ಬಿದ್ದ ಕೊಡವನ್ನು ಹಿಡಿದು ಬಾವಿಗೂ ಮನೆಗೂ ಓಡಾಡುವವನು ಹಂಡೆಯನ್ನು ತುಂಬಿಸುವುದಕ್ಕಿಂತ ದಾರಿಯನ್ನು ಒದ್ದೆ ಮಾಡುವುದೇ ಹೆಚ್ಚು.

ಇನ್ನೊಂದು ಸೂಕ್ಷ್ಮವಿದೆ. ಹಿಡಿಸಿಕೊಂಡ ದಾಳಿಗಾರನು ಹೊರಗೆ ಕೂರಬೇಕು. ಅವನು ಮತ್ತೆ ಒಳಗೆ ಬರಬೇಕಾದರೆ ಉಳಿದವರು ಅಂಕ ಗಳಿಸಬೇಕು. ನಮ್ಮ ದೇವದುರ್ಗದ ಗೆಳೆಯನ ವೇಗವನ್ನು ನೋಡದವರು ಯಾರಿದ್ದಾರೆ? ಅಂದು ಮೊದಲ ಅವಧಿಯಲ್ಲಿ ಅವನೊಬ್ಬನೇ 11 ಅಂಕ ತಂದ. ಎರಡನೆಯ ಅವಧಿಯ ಆರಂಭದಲ್ಲಿಯೇ ಸಿಕ್ಕಿಬಿದ್ದ. ಆಮೇಲೆ ಆರು ನಿಮಿಷ ಅವನು ಗೆರೆಯ ಆಚೆ ಕುಳಿತು ಮಣ್ಣು ಕೆರೆಯುತ್ತಿದ್ದ. ನಮ್ಮ ಉಳಿದ ದಾಳಿಗಾರರು ಬರಿಗೈಯಲ್ಲಿ ಮರಳಿದರು. ಎದುರಾಳಿಗಳು ಒಬ್ಬೊಬ್ಬರಾಗಿ ಬಂದು ನಮ್ಮನ್ನು ಮುಟ್ಟಿ ಹೋದರು. ಒಬ್ಬನನ್ನಾದರೂ ನಾವು ಹಿಡಿದಿದ್ದರೆ ಅವನು ಎದ್ದು ಬರುತ್ತಿದ್ದ. ಎರಡು ಬಾರಿ ನನ್ನ ಕೈಗೆ ಕಣಕಾಲು ಸಿಕ್ಕಿತು. ಎರಡು ಬಾರಿಯೂ ಬೆನ್ನ ಹಿಂದೆ ಬರಬೇಕಾದವನು ಬರಲಿಲ್ಲ. ಅವನ ತಪ್ಪೂ ಅಲ್ಲ, ನಾವು ಕೂಡಿ ಹಿಡಿಯುವುದನ್ನು ಅಭ್ಯಾಸ ಮಾಡಿಯೇ ಇರಲಿಲ್ಲ. ಹಿಡಿತ ಬಲವಿಲ್ಲದ ತಂಡದಲ್ಲಿ ದಾಳಿಗಾರನ ವೇಗವೂ ಗೆರೆಯಾಚೆ ಕೂರುತ್ತದೆ ಎಂಬ ಪಾಠವನ್ನು ನಾನು ಆ ಆರು ನಿಮಿಷಗಳಲ್ಲಿ ಕಲಿತೆ.

"ಬೆಂಗಳೂರು ಬುಲ್ಸ್ ಗೆಲ್ಲಲಿಲ್ಲವೆ?" ಎಂದು ಮಿತ್ರರು ಕೇಳುವುದನ್ನು ಬಲ್ಲೆ. ನ್ಯಾಯವಾದ ಪ್ರಶ್ನೆ. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಪ್ರೊ ಕಬಡ್ಡಿ ಅಂತಿಮ ಪಂದ್ಯದಲ್ಲಿ ಗುಜರಾತ್ ತಂಡದ ಮೇಲೆ ಬೆಂಗಳೂರು 38–33ರಿಂದ ಗೆದ್ದಿತು. ಆ 38ರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬನವು. ಇದನ್ನು ಅಲ್ಲಗಳೆಯುವ ಗೋಜಿಗೆ ನಾನು ಹೋಗುವುದಿಲ್ಲ. ಮಹಾಪ್ರತಿಭೆಯು ಒಂದು ರಾತ್ರಿಯ ಮಟ್ಟಿಗೆ ಎಂಥ ಕೊರತೆಯನ್ನೂ ದಾಟಿಸಬಲ್ಲುದು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲವಲ್ಲ! ಮರುಋತುವಿನಲ್ಲಿ ಅದೇ ಪವನ್ ಇನ್ನೂ ಹೆಚ್ಚು ಆಡಿದ. ದಾಳಿಯಿಂದಲೇ 346 ಅಂಕ ತಂದ. 2019ರ ಅಕ್ಟೋಬರ್ 2ರಂದು ಹರಿಯಾಣದ ಮೇಲೆ ಒಂದೇ ಪಂದ್ಯದಲ್ಲಿ 39 ಅಂಕ ಗಳಿಸಿದ. ಆದರೂ ಉಪಾಂತ್ಯದಲ್ಲಿ ದೆಹಲಿ ತಂಡವು ಬೆಂಗಳೂರಿನ ಮೇಲೆ 44 ಅಂಕ ಪೇರಿಸಿತು. ನಮ್ಮವರ 38 ಸಾಲದಾಯಿತು. 38 ಅಂಕಕ್ಕೆ ಹಿಂದಿನ ಸಲ ಕಪ್ಪು ಬಂದಿತ್ತು, ಈ ಸಲ ಮನೆಗೆ ಬರಬೇಕಾಯಿತು. ವ್ಯತ್ಯಾಸವು ಗಳಿಸಿದ್ದರಲ್ಲಿಲ್ಲ, ಬಿಟ್ಟುಕೊಟ್ಟದ್ದರಲ್ಲಿದೆ.

ಆ ಋತುವಿನ ಅಂತಿಮ ಪಂದ್ಯವು ಇನ್ನೂ ಬೋಧಪ್ರದವಾದುದು. ದೆಹಲಿಯ ನವೀನ್ ಕುಮಾರ್ 18 ಅಂಕ ಗಳಿಸಿಯೂ ಸೋತ. ಬಂಗಾಳದ ತಂಡವು ತನ್ನ ಮುಖ್ಯ ದಾಳಿಗಾರ ಮಣಿಂದರ್ ಸಿಂಗ್ ಇಲ್ಲದೆಯೂ 39–34ರಿಂದ ಗೆದ್ದಿತು. ಆ ತಂಡವನ್ನು ತಿದ್ದಿದ ತರಬೇತುದಾರ ನಮ್ಮ ಕನ್ನಡಿಗ ಬಿ. ಸಿ. ರಮೇಶ್. ಇದೇ ರಮೇಶ್ ಅವರ ತರಬೇತಿಯಲ್ಲಿ ಪುಣೆಯ ತಂಡವು 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28–25ರಿಂದ ಸೋಲಿಸಿತು. ಆ ಋತುವಿನಲ್ಲಿ ಹಿಡಿತದಿಂದ ಅತಿ ಹೆಚ್ಚು ಅಂಕ ಗಳಿಸಿದ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಪುಣೆಯವನೇ. ಇರಾನ್ ಎಂದೊಡನೆ ಇನ್ನೊಂದು ನೋವು ನೆನಪಾಗುತ್ತದೆ. 1990ರಿಂದ ಏಷ್ಯನ್ ಕ್ರೀಡೆಗಳಲ್ಲಿ ಸತತವಾಗಿ ಏಳು ಚಿನ್ನ ಗೆದ್ದಿದ್ದ ಭಾರತದ ಪುರುಷರ ತಂಡವು 2018ರಲ್ಲಿ ಜಕಾರ್ತಾದ ಉಪಾಂತ್ಯದಲ್ಲಿ ಇರಾನಿಗೆ 18–27ರಿಂದ ಸೋತಿತು. ಹೆಸರಾಂತ ದಾಳಿಗಾರರಿದ್ದ ನಮ್ಮ ತಂಡಕ್ಕೆ ಇಡೀ ಪಂದ್ಯದಲ್ಲಿ ಸಿಕ್ಕದ್ದು 18 ಅಂಕ!

ದೂರದ ಅಮೆರಿಕದ ಕಾಲೇಜುಗಳಲ್ಲಿಯೂ ಇದೇ ವಾದವಿದೆ. ಅವರ ಫುಟ್‌ಬಾಲು ನಮ್ಮದಲ್ಲ; ಉದ್ದುದ್ದ ಚೆಂಡು, ಚೆಂಡು ಹಿಡಿದವನನ್ನು ಕಾಯಲು ಮುಂದೆ ಐವರು ದಢೂತಿಗಳ ಸಾಲು. ಓರೆಗಾನ್ ವಿಶ್ವವಿದ್ಯಾನಿಲಯದ ತಂಡವು ಚಿಪ್ ಕೆಲ್ಲಿ ಎಂಬವರ ಕೈಯಲ್ಲಿ 2009ರಿಂದ 2012ರವರೆಗೆ ಎದುರಾಳಿಗೆ ಸಾಲುಗಟ್ಟಲೂ ಬಿಡುವು ಕೊಡದಂಥ ವೇಗದಿಂದ ಆಡಿ ಹೆಸರಾಯಿತು. ಆದರೆ 2011ರ ಜನವರಿ 10ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಆಬರ್ನ್ ತಂಡದ ಮುಂಸಾಲು ಅವರ ಮುಂಸಾಲನ್ನು ಹಿಂದಕ್ಕೊತ್ತಿತು. ಓರೆಗಾನ್ ಓಡಿ ಗಳಿಸಿದ್ದು 75 ಗಜ ಮಾತ್ರ, 19–22ರಿಂದ ಸೋತಿತು. ದಣಿದ ಎದುರಾಳಿಯ ಮೇಲೆ ವೇಗವು ಕೆಲಸ ಮಾಡುತ್ತದೆ, ನಿಜ. ದಣಿಯದೆ ನಿಂತವನ ಮುಂದೆ ಕೊನೆಗೆ ತಡೆಯುವ ಭುಜವೇ ಬೇಕು.

ಅಷ್ಟು ದೂರ ಹೋಗುವುದೇಕೆ? ನಮ್ಮ ನೆಲದ ಚರಿತ್ರೆಯೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. 1520ರ ರಾಯಚೂರು ಯುದ್ಧವನ್ನು ಕುರಿತು ಪೋರ್ಚುಗೀಜ್ ವ್ಯಾಪಾರಿ ನುನೀಜ್ ಬರೆದಿಟ್ಟಿದ್ದಾನೆ. ಇಸ್ಮಾಯಿಲ್ ಆದಿಲ್ ಶಾಹನು ತನ್ನ ಫಿರಂಗಿಗಳನ್ನೆಲ್ಲ ಒಮ್ಮೆಲೆ ಸಿಡಿಸಿದಾಗ ವಿಜಯನಗರದ ಮುಂಪಡೆ ಚದರಿತು; ಗೆದ್ದೆವೆಂದು ಎದುರಾಳಿಗಳು ನುಗ್ಗಿಬಂದರು. ಆದರೆ ಕೃಷ್ಣದೇವರಾಯನ ಹಿಂದಿನ ಸಾಲು ಚದರಿರಲಿಲ್ಲ. ಆ ಸಾಲನ್ನು ಕೂಡಿಕೊಂಡು ರಾಯನು ಮುನ್ನುಗ್ಗಿದಾಗ ಓಡಿದವರು ಕೃಷ್ಣಾನದಿಯವರೆಗೆ ಓಡಬೇಕಾಯಿತು. ಯುದ್ಧಕ್ಕೂ ಆಟಕ್ಕೂ ಅಜಗಜಾಂತರವಿದೆಯಾದರೂ ಹಿಂದಿನ ಸಾಲಿನ ಬೆಲೆ ಎರಡರಲ್ಲಿಯೂ ಒಂದೇ.

ಹಾಗಾದರೆ ವೇಗ ಬೇಡವೆ? ಬೇಕು, ಖಂಡಿತವಾಗಿ ಬೇಕು. ಎದುರಾಳಿಯು ಸರಪಳಿ ಕಟ್ಟುವ ಮೊದಲೇ ಒಳಹೊಕ್ಕವನಿಗೆ ಅಂಕ ಸುಲಭ. ವೇಗವು ಒಂದು ಹತ್ತು ನಿಮಿಷ ನಮ್ಮ ಕೊರತೆಯನ್ನು ಮರೆಮಾಡೀತು. ನಮ್ಮನ್ನು ಅರಿಯದ ತಂಡದಿಂದ ಒಂದು ಪಂದ್ಯದ ಮಟ್ಟಿಗೆ ಮರೆಮಾಡೀತು. ಆದರೆ ಮರೆಮಾಡುವುದು ಬೇರೆ, ಸರಿಪಡಿಸುವುದು ಬೇರೆ. ಮರೆಯಾದ ಹುಣ್ಣಿಗೆ ಯಾರೂ ಮದ್ದು ಹಾಕುವುದಿಲ್ಲವೆಂಬುದೇ ನನ್ನ ಭಯ.

ಈ ಭಯಕ್ಕೆ ಕಾರಣವಿದೆ. ನಮ್ಮ ಮೈದಾನದಲ್ಲಿ ಸಂಜೆಯ ಬಿಸಿಲು ಇಳಿದು ಕತ್ತಲಾಗುವುದರೊಳಗೆ ದೊರೆಯುವುದು ಒಂದೇ ಗಂಟೆ. ಆ ಗಂಟೆಯನ್ನು ದಾಳಿಯ ಅಭ್ಯಾಸಕ್ಕೇ ಕೊಡುತ್ತೇವೆ. ಚಪ್ಪಾಳೆ ದಾಳಿಗಾರನಿಗೆ, ಮೊಬೈಲಿನಲ್ಲಿ ಚಿತ್ರ ದಾಳಿಗಾರನದು, ಗ್ಯಾದರಿಂಗಿನಲ್ಲಿ ಹೆಸರು ಕೂಗುವುದೂ ದಾಳಿಗಾರನದೇ. ಮಾನ್ವಿಯಿಂದ ದಿನವೂ ಬಸ್ಸಿನಲ್ಲಿ ಬರುವ ನಮ್ಮ ಬಲಮೂಲೆಯ ಗೆಳೆಯನು ಮೂರು ವರ್ಷ ಈ ಗಟ್ಟಿ ನೆಲದ ಮೇಲೆ ಮೊಣಕಾಲು ಕೆತ್ತಿಸಿಕೊಂಡಿದ್ದಾನೆ. ಸೋತ ದಿನ ಬೈಸಿಕೊಂಡವರಲ್ಲಿ ಅವನೇ ಮೊದಲಿಗ. "ಇನ್ನು ಮೇಲೆ ನಾನು ಬರುವುದಿಲ್ಲ. ಕೊನೆಯ ಬಸ್ಸು ತಪ್ಪಿಸಿಕೊಂಡು ಯಾರಿಗಾಗಿ ಆಡಲಿ?" ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬೇವಿನ ಮರದ ಕೆಳಗಿನ ತೀರ್ಮಾನವು ನಡೆದರೆ ಅವನ ಜಾಗಕ್ಕೆ ಇನ್ನೊಬ್ಬ ಓಟಗಾರ ಬರುತ್ತಾನೆ. ನಾವು ಇನ್ನೂ ವೇಗವಾಗಿ ಸೋಲುತ್ತೇವೆ.

ಆದುದರಿಂದ ಅಧ್ಯಾಪಕ ಮಹನೀಯರಲ್ಲಿಯೂ ಮುಂದಿನ ನಾಯಕನಲ್ಲಿಯೂ ನನ್ನ ಬಿನ್ನಹ ಇಷ್ಟೆ. ಸಂಜೆಯ ಗಂಟೆಯಲ್ಲಿ ಅರ್ಧವನ್ನು ಹಿಡಿತಕ್ಕೆ ಕೊಡಿ. ಇಬ್ಬಿಬ್ಬರು ಕೈಕೈ ಹಿಡಿದು ಸರಪಳಿ ಕಟ್ಟುವುದನ್ನು, ಮೂಲೆಯವನು ಕಾಲು ಹಿಡಿದಾಗ ಪಕ್ಕದವನು ಬೆನ್ನಿಗೆ ಬರುವುದನ್ನು ದಿನವೂ ಮಾಡಿಸಿ. ದೇವದುರ್ಗದ ಗೆಳೆಯನೂ ಒಂದು ವಾರ ಮೂಲೆಯಲ್ಲಿ ನಿಂತು ನೋಡಲಿ. ಹಿಡಿಯುವವನ ಕಷ್ಟ ತಿಳಿದರೆ ಅವನ ದಾಳಿಯೂ ಹರಿತವಾದೀತು.

ಪರೀಕ್ಷೆಯ ಹಿಂದಿನ ವಾರ ಗೈಡುಗಳನ್ನು ಬಿರುಸಾಗಿ ತಿರುವಿಹಾಕುವ ನಮಗೆಲ್ಲ ಈ ಮಾತು ಮೈದಾನದ ಹೊರಗೂ ತಟ್ಟದೆ ಇರದು. ಅದಿರಲಿ. ಮಾನ್ವಿಯ ಗೆಳೆಯನನ್ನು ನಾನು ಮತ್ತೆ ಕರೆದಿದ್ದೇನೆ. ಅವನಿಗೆ ಉತ್ತರ ಕೊಡಬೇಕಾದವನು ನಾನೊಬ್ಬನೇ ಅಲ್ಲ.