ಕುಂಞಿ ಉಮ್ಮನ ಪಕ್ಕದಲ್ಲೇ ಮಲಗಲಿ, ದಿಂಬುಗಳು ಆಚೆ ಹೋಗಲಿ

ಮಂಜೇಶ್ವರದಿಂದ ಕುಂಬಳೆಯವರೆಗೆ ನಮ್ಮ ಮನೆಗಳಲ್ಲಿ ಎಳೆಗೂಸು ರಾತ್ರಿ ಎಲ್ಲಿ ಮಲಗಬೇಕು ಎಂಬುದು ಒಂದು ಪ್ರಶ್ನೆಯೇ ಆಗಿರಲಿಲ್ಲ. ಹಗಲು ತೊಟ್ಟಿಲು, ರಾತ್ರಿ ಉಮ್ಮನ ಮಗ್ಗುಲು. ನಲ್ವತ್ತು ಕಳೆಯುವವರೆಗೆ ಬಾಣಂತಿಯ ಕೋಣೆಯಲ್ಲಿ ಇನ್ನೊಬ್ಬ ಹಿರಿಯ ಹೆಂಗಸು ಇದ್ದೇ ಇರುತ್ತಾರೆ. ಮಗುವಿಗೆಂದೇ ಬೇರೆ ಕೋಣೆ, ಬೇರೆ ಮಂಚ ಎಂಬುದನ್ನು ನಾವು ನೋಡಿದ್ದು ಸಿನೆಮಾದಲ್ಲಿ.

ಈಗ ಅದು ಪ್ರಶ್ನೆಯಾಗಿದೆ. ಹೊಸ ತಾಯಂದಿರು ಫೋನಿನಲ್ಲಿ ಓದುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿ ಹೇಳಿದ್ದು ಇಷ್ಟು: ಕನಿಷ್ಠ ಮೊದಲ 6 ತಿಂಗಳು ಮಗು ತಾಯಿಯ ಕೋಣೆಯಲ್ಲೇ ಮಲಗಲಿ, ಆದರೆ ಅವಳ ಹಾಸಿಗೆಯಲ್ಲಿ ಬೇಡ. ಇದು ಸುಮ್ಮನೆ ಹೇಳಿದ ಮಾತಲ್ಲ. ನಿದ್ದೆಯಲ್ಲೇ ಉಸಿರು ನಿಂತ ಮಕ್ಕಳ ಲೆಕ್ಕ ಇಟ್ಟುಕೊಂಡು ಹೇಳಿದ್ದು. ಆದರೆ ಅದನ್ನು ಓದಿದ ನಮ್ಮ ಹುಡುಗಿ ಏನು ಮಾಡುತ್ತಾಳೆ? ಹಿರಿಯರಿಗೆ ಹೇಳಿದರೆ ನಗುತ್ತಾರೆ. ಹೇಳದೆ, ರಾತ್ರಿ ಎರಡು ಗಂಟೆಗೆ ಮಗುವನ್ನೆತ್ತಿಕೊಂಡು ಚಾವಡಿಯ ಸೋಫಾದಲ್ಲಿ ಕೂತು ಹಾಲು ಕೊಡುತ್ತಾಳೆ, ಮಲಗಿ ಕೊಟ್ಟರೆ ನಿದ್ದೆ ಬಂದುಬಿಡುತ್ತದೆ ಎಂಬ ಭಯಕ್ಕೆ. ಕೂತಲ್ಲೇ ನಿದ್ದೆ ಬರುತ್ತದೆ. ಮಗುವಿನೊಡನೆ ನಿದ್ದೆ ಹೋಗಲು ಎಲ್ಲಕ್ಕಿಂತ ಅಪಾಯದ ಜಾಗ ಆ ಸೋಫಾ. ಮಗು ಮೆತ್ತೆಯ ಸಂದಿಗೆ ಜಾರುತ್ತದೆ, ಮುಖ ಅಲ್ಲಿ ಹುದುಗಿ ಹೋಗುತ್ತದೆ. ಈ ವಿಷಯದಲ್ಲಿ ಯಾವ ದೇಶದ ವೈದ್ಯರಿಗೂ ಭಿನ್ನಾಭಿಪ್ರಾಯವಿಲ್ಲ.

ಅದಕ್ಕೇ ನನಗೆ ಬ್ರಿಟನ್ನಿನವರ ದಾರಿ ಸರಿ ಕಾಣುತ್ತದೆ. ಅಲ್ಲಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ತಾಯಂದಿರನ್ನು ಗದರಿಸದೆ, ಜೊತೆಗೆ ಮಲಗಿಸುವುದಾದರೆ ಹೇಗೆ, ಯಾವಾಗ ಖಂಡಿತ ಕೂಡದು ಎಂದು ತಿಳಿಸಿ ಹೇಳಲು ಸೂಚಿಸಿದೆ. ಹೇಗೂ ನಡೆಯುವ ಕೆಲಸವನ್ನು ಬೇಡ ಎಂದರೆ ಅದು ನಿಲ್ಲುವುದಿಲ್ಲ, ಅಡಗಿ ನಡೆಯುತ್ತದೆ.

ಇನ್ನು ಹಿರಿಯರ ಮಾತು. "ನಾವು ಎಂಟು ಹೆತ್ತು ಹೀಗೇ ಸಾಕಿಲ್ಲವಾ?" ಸಾಕಿದ್ದೀರಿ, ಉಮ್ಮ. ಆದರೆ ನೀವು ಸಾಕಿದ್ದು ನೆಲದಲ್ಲಿ, ಓಲೆಚಾಪೆಯ ಮೇಲೆ ತೆಳು ಹಾಸಿಗೆ ಹಾಕಿ. ಬಿದ್ದರೆ ಬೀಳಲು ಎತ್ತರವಿಲ್ಲ, ಮುಖ ಹುದುಗಲು ಮೆತ್ತಗಿಲ್ಲ. ಇವತ್ತಿನ ಬಾಣಂತಿ ಮಲಗುವುದು ಮದುವೆಗೆ ಕೊಟ್ಟ ಎತ್ತರದ ಮಂಚದಲ್ಲಿ, ಒಂದು ಗೇಣು ದಪ್ಪದ ಫೋಮಿನ ಮೇಲೆ. ಅದರ ಮೇಲೆ ನಾಲ್ಕು ದಿಂಬು, ಜೊತೆಗೆ ಗಲ್ಫಿನಿಂದ ಬಂದ ಆ ರೋಮದ ಕಂಬಳಿ. ಹುಲಿಯ ಚಿತ್ರದ್ದೋ, ಗುಲಾಬಿಯದ್ದೋ, ಎತ್ತಲು ಇಬ್ಬರು ಬೇಕು. ಮೂರು ಕಿಲೋ ಕುಂಞಿಯ ಮುಖದ ಮೇಲೆ ಅದರ ಒಂದು ತುದಿ ಬಿದ್ದರೆ ಸರಿಸುವ ಶಕ್ತಿ ಅದಕ್ಕೆಲ್ಲಿದೆ? ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾ ಹೋಗುತ್ತದೆ. ಮತ್ತೆ, ಬೇಸರವಾದರೂ ಹೇಳಬೇಕು, ಆ ಕಾಲದಲ್ಲೂ ಬೆಳಗ್ಗೆ ಏಳದ ಮಕ್ಕಳಿದ್ದವು. ಯಾಕೆಂದು ಯಾರೂ ಬರೆದಿಡಲಿಲ್ಲ, ಅಷ್ಟೇ.

ಆದ್ದರಿಂದ ನೆಲದ ಹಾಸಿಗೆಗೆ ವಾಪಸು ಹೋಗಿ ಎನ್ನುತ್ತೇನೆ. ಬಾಣಂತಿಗೆ ಕೆಳಗೆ ಕೂತು ಏಳಲು ಆಗದಿದ್ದರೆ, ಸಿಸೇರಿಯನ್ ಆದವರಿಗೆ ಆಗುವುದೂ ಇಲ್ಲ, ಗಟ್ಟಿ ಹತ್ತಿಯ ಹಾಸಿಗೆ ಹಾಸಿದ ತಗ್ಗು ಮಂಚವಾದರೂ ಇರಲಿ. ಮಂಚ ಗೋಡೆಗೆ ತಾಗಿದ್ದರೆ ನಡುವೆ ಮಗು ಸಿಕ್ಕಿಕೊಳ್ಳುವ ಸಂದು ಇರಬಾರದು. ಮಗುವಿನ ಹತ್ತಿರ ದಿಂಬು ಬೇಡ. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬೂ ಬೇಡ, ಉರುಳಬಾರದೆಂದು ಎರಡು ಕಡೆ ಒತ್ತಿಡುವ ದಿಂಬೂ ಬೇಡ. ಸೆಕೆಯ ಕೋಣೆಯಲ್ಲಿ ಟೊಪ್ಪಿ, ಕಾಲುಚೀಲ, ಎರಡು ಸುತ್ತು ಬಟ್ಟೆ ಯಾಕೆ? ಮೈ ಅತಿ ಬಿಸಿಯಾಗುವುದೂ ಅಪಾಯವೇ. ದೊಡ್ಡ ಮಗುವಿದ್ದರೆ ಅದು ತಾಯಿಯ ಇನ್ನೊಂದು ಮಗ್ಗುಲಲ್ಲಿರಲಿ, ಕೂಸಿನ ಪಕ್ಕದಲ್ಲಲ್ಲ.

ಅಂಗಾತ ಮಲಗಿಸಬೇಕು ಎಂದಾಗ ಎಲ್ಲರಿಗೂ ಒಂದೇ ಹೆದರಿಕೆ, ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿದರೆ? ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತದೆ, ಅನ್ನನಾಳ ಕೆಳಗೆ. ಬಂದ ಹಾಲು ಮೇಲಕ್ಕೆ ಹರಿಯಬೇಕಲ್ಲ. ಕವುಚಿ ಮಲಗಿಸಿದರೇ ಅದು ಉಲ್ಟಾ. ಅಮೆರಿಕದಲ್ಲಿ 1994ರಿಂದ ಈ ಒಂದು ಮಾತನ್ನು ಮನೆಮನೆಗೆ ತಲುಪಿಸಿದ ಮೇಲೆ ಹತ್ತಿಪ್ಪತ್ತು ವರ್ಷದಲ್ಲಿ ಇಂತಹ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು.

ಜೊತೆಗೆ ಮಲಗಿಸಲೇಬಾರದ ಮಕ್ಕಳೂ ಇವೆ. 37 ವಾರ ತುಂಬುವ ಮೊದಲೇ ಹುಟ್ಟಿದ್ದು, ಹುಟ್ಟುವಾಗ ಎರಡೂವರೆ ಕಿಲೋ ಇಲ್ಲದ್ದು. ಅವುಗಳಿಗೆ ಅದೇ ಕೋಣೆಯಲ್ಲಿ, ಕೈಗೆಟಕುವಷ್ಟು ಹತ್ತಿರ ಬೇರೆ ಹಾಸಿಗೆ. ಬಾಣಂತಿ ಮಂಪರು ಬರಿಸುವ ಮಾತ್ರೆಯೋ ಕೆಮ್ಮಿನ ಸಿರಪ್ಪೋ ತೆಗೆದುಕೊಂಡ ರಾತ್ರಿಯೂ ಹಾಗೆಯೇ. ಆ ರಾತ್ರಿ ಕೋಣೆಯಲ್ಲಿರುವ ಹಿರಿಯರು ಎಚ್ಚರವಿದ್ದು, ಹಾಲು ಕುಡಿಸಿದ ಮೇಲೆ ಮಗುವನ್ನು ಎತ್ತಿ ಅದರ ಜಾಗದಲ್ಲಿ ಮಲಗಿಸಬೇಕು. ಎರಡು ತಾಸು ನಿದ್ದೆ ಮಾಡಿದ ಹುಡುಗಿಯೊಬ್ಬಳ ಮೇಲೆಯೇ ಇಡೀ ರಾತ್ರಿಯ ಕಾವಲು ಹೊರಿಸುವುದು ನ್ಯಾಯವಲ್ಲ.

ಇನ್ನು ಗಂಡಸರು. ಕುಡಿದವನಂತೂ ಆ ಹಾಸಿಗೆಯ ಹತ್ತಿರ ಬರಲೇಬಾರದು. ಸಿಗರೇಟು ಸೇದುವವನೂ ಅಲ್ಲಿ ಮಲಗುವಂತಿಲ್ಲ. ಅಂಗಳದಲ್ಲಿ ಸೇದಿ ಬಂದೆ ಎಂದರೆ ಸಾಲದು. ತಾಯಿ ತಂದೆಯರಲ್ಲಿ ಒಬ್ಬರು ಸೇದುವವರಾದರೂ ಜೊತೆ ಮಲಗುವ ಕೂಸಿಗೆ ಅಪಾಯ ಹೆಚ್ಚು ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಎರಡು ತಿಂಗಳ ರಜೆಗೆ ಬಂದವನಿಗೆ, ಮಗುವಿನ ಮುಖ ಮೊದಲ ಸಲ ನೋಡುತ್ತಿರುವವನಿಗೆ, ನೀನು ಬೇರೆ ಕೋಣೆಯಲ್ಲಿ ಮಲಗು ಎಂದು ಹೇಳುವುದು ಕಷ್ಟವೇ. ಆದರೆ ಅದನ್ನು ಹೇಳಬೇಕಾದವಳು ಬಾಣಂತಿಯಲ್ಲ, ಅವನ ಉಮ್ಮ. ಫೋನಿನಲ್ಲೇ ಹೇಳಲಿ, ಅವನು ಟಿಕೆಟ್ ತೆಗೆಯುವ ಮೊದಲು.